ಮರುಕಳಿಕೆಯ ಭಯಕ್ಕೂ ಚಿಕಿತ್ಸೆ ಬೇಡವೆ?

ಕ್ಯಾನ್ಸರ್ ಚಿಕಿತ್ಸೆ ಮುಗಿಯಿತೆಂದು ಮನೆಯವರು ಸತ್ಯನಾರಾಯಣ ಪೂಜೆಗೆ ದಿನ ಗೊತ್ತುಮಾಡುತ್ತಿರುವಾಗಲೇ ರೋಗಿಯ ಅಂತರಂಗದಲ್ಲಿ ಬೇರೊಂದು ಪಂಚಾಂಗ ತೆರೆದುಕೊಂಡಿರುತ್ತದೆ. ಅದರಲ್ಲಿರುವುವು ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬರತಕ್ಕ ತಪಾಸಣೆಯ ದಿನಗಳು. ಆ ದಿನ ಸಮೀಪಿಸಿದಂತೆ ನಿದ್ರೆ ತೊಲಗುವುದು, ಬೆನ್ನು ನೊಂದರೆ ರೋಗವು ಎಲುಬಿಗಿಳಿಯಿತೇನೋ ಎಂದೂ ಕೆಮ್ಮು ಬಂದರೆ ಶ್ವಾಸಕೋಶಕ್ಕೆ ಹಬ್ಬಿತೇನೋ ಎಂದೂ ಮನಸ್ಸು ತಲ್ಲಣಿಸುವುದು, ಇವೆಲ್ಲ ಅಧೈರ್ಯವಂತರ ಲಕ್ಷಣಗಳೆಂದು ಬಗೆದು ‘ಧೈರ್ಯವಾಗಿರಿ’ ಎಂಬ ಒಂದು ಮಾತಿನಿಂದ ನಮ್ಮ ಕರ್ತವ್ಯವನ್ನು ತೀರಿಸಿಕೊಳ್ಳುವುದು ಲೋಕರೂಢಿಯಾಗಿದೆ. ಆದರೆ ಈ ಭಯವು ಕೂದಲುದುರುವಿಕೆ, ವಾಂತಿ, ನಿಶ್ಶಕ್ತಿಗಳಂತೆ ರೋಗ ಮತ್ತು ಚಿಕಿತ್ಸೆಗಳ ಜೊತೆಯಲ್ಲಿಯೇ ಬರುವ ಒಂದು ಪರಿಣಾಮ; ಆದುದರಿಂದ ವಾಂತಿಗೆ ಮಾತ್ರೆ ಬರೆದುಕೊಡುವ ಆಸ್ಪತ್ರೆಯೇ ಇದರ ಹೊಣೆಯನ್ನೂ ಹೊರತಕ್ಕದ್ದು.

ಈ ಭಯ ಎಷ್ಟು ವ್ಯಾಪಕವೆಂಬುದು ಈಗ ಊಹೆಯ ವಿಷಯವಲ್ಲ. ವಿವಿಧ ದೇಶಗಳ 46 ಅಧ್ಯಯನಗಳಿಂದ 9,311 ಮಂದಿಯ ಉತ್ತರಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ ಭಯ ಗಮನಾರ್ಹವಾಗಿದ್ದು, ಸುಮಾರು ಐವರಲ್ಲೊಬ್ಬರಿಗೆ ತಜ್ಞರ ನೆರವು ಬೇಕಾಗುವಷ್ಟು ತೀವ್ರವಾಗಿತ್ತು. ಇದಕ್ಕೆ ಉಪಾಯವಿಲ್ಲವೆಂದೂ ಹೇಳುವಂತಿಲ್ಲ. ಆಸ್ಟ್ರೇಲಿಯದಲ್ಲಿ ಚಿಕಿತ್ಸೆ ಮುಗಿಸಿದ 222 ಮಂದಿಯನ್ನು ಎರಡು ಗುಂಪುಗಳಾಗಿಸಿ, ಒಂದಕ್ಕೆ ಕೇವಲ ದೇಹ ಸಡಿಲಿಸುವ ಅಭ್ಯಾಸವನ್ನೂ ಇನ್ನೊಂದಕ್ಕೆ ಗಮನವನ್ನು ಇಚ್ಛೆಯಂತೆ ತಿರುಗಿಸುವ, ಚಿಂತೆಯನ್ನು ಚಿಂತೆಯೆಂದೇ ಗುರುತಿಸಿ ಬಾಳಿನಲ್ಲಿ ತನಗೆ ಮುಖ್ಯವಾದ ಕೆಲಸಗಳಿಗೆ ಮರಳುವ ಶಿಕ್ಷಣವನ್ನೂ ಕೊಟ್ಟು ನೋಡಿದಾಗ, ಹತ್ತು ವಾರಗಳಲ್ಲಿ ಐದೇ ಬೈಠಕ್ಕುಗಳ ಈ ಎರಡನೆಯ ಕ್ರಮವು ಭಯವನ್ನು ಹೆಚ್ಚು ತಗ್ಗಿಸಿತೆಂದು 2017ರಲ್ಲಿ ವರದಿಯಾಯಿತು.

ಇನ್ನು ನಮ್ಮ ಕಡೆಯ ಸ್ಥಿತಿಯನ್ನು ನೋಡೋಣ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಮನೆಗಳವರಿಗೆ ದೊಡ್ಡ ಕಾಯಿಲೆಯೆಂದರೆ ಪುಣೆಯ ದಾರಿ ಹಿಡಿಯುವುದು ಅಪರೂಪವಲ್ಲ. ಪೆಟ್-ಸಿಟಿ ಸ್ಕ್ಯಾನಿಗೆ ಹಸಿದ ಹೊಟ್ಟೆಯಲ್ಲಿ ಬಂದು, ವಿಕಿರಣಯುಕ್ತ ಸಕ್ಕರೆಯ ಸೂಜಿ ಚುಚ್ಚಿಸಿಕೊಂಡು, ಅದು ಮೈಯೆಲ್ಲ ವ್ಯಾಪಿಸುವವರೆಗೆ ಸುಮಾರು ಒಂದು ಗಂಟೆ ಮೌನವಾಗಿ ಮಲಗಿರಬೇಕು. ಇದಕ್ಕಿಂತ ದೀರ್ಘವಾದ ಕಾಯುವಿಕೆಯಾದರೋ ಆಮೇಲಿನದು. ಇಂಗ್ಲಿಷಿನಲ್ಲಿ ಅಚ್ಚಾದ ರಿಪೋರ್ಟು ವೈದ್ಯರ ಭೇಟಿಗೆ ಮೊದಲೇ ಲಕೋಟೆಯಲ್ಲಿಯೋ ಮೊಬೈಲಿನಲ್ಲಿಯೋ ಕೈಸೇರುತ್ತದೆ. ಕಾಲೇಜಿಗೆ ಹೋಗುವ ಮಗ ಅದರೊಳಗಿನ ಒಂದೊಂದು ಶಬ್ದವನ್ನೂ ಗೂಗಲಿನಲ್ಲಿ ಹುಡುಕುತ್ತಾನೆ. ಸಕ್ಕರೆಯನ್ನು ಹೆಚ್ಚಾಗಿ ಹೀರುವುದು ಕ್ಯಾನ್ಸರಿನ ಕಣಗಳು ಮಾತ್ರವಲ್ಲ, ಸೋಂಕು ಉರಿಯೂತಗಳಿರುವ ಭಾಗವೂ, ನಮ್ಮ ದೇಶದಲ್ಲಿ ಸರ್ವೇಸಾಮಾನ್ಯವಾದ ಕ್ಷಯದ ಗಂಟೂ ಅದರಂತೆಯೇ ಚಿತ್ರದಲ್ಲಿ ಬೆಳಗಬಲ್ಲುವು ಎಂಬುದನ್ನು ಆ ಮನೆಯವರಿಗೆ ಅಂದಿನ ರಾತ್ರಿ ತಿಳಿಸುವವರು ಯಾರು?

ಭಯ ಪೀಡಿಸಿದಾಗ ಇನ್ನೊಂದು ಸ್ಕ್ಯಾನ್ ಮಾಡಿಸೋಣವೆನ್ನುವುದು ಸಹಜವಾದ ಮೊರೆ. ಆದರೆ ಸ್ತನ ಕ್ಯಾನ್ಸರಿನ ವಿಷಯದಲ್ಲಿ 1994ರಷ್ಟು ಹಿಂದೆಯೇ ಇಟಲಿಯ ಎರಡು ದೊಡ್ಡ ಪ್ರಯೋಗಗಳು, ರೋಗಚಿಹ್ನೆಯಿಲ್ಲದವರಿಗೆ ಪದೇಪದೇ ಎಲುಬಿನ ಸ್ಕ್ಯಾನ್, ಎದೆಯ ಎಕ್ಸ್-ರೇ ಮಾಡಿಸಿದುದರಿಂದ ಆಯುಷ್ಯವೇನೂ ಹೆಚ್ಚಲಿಲ್ಲವೆಂದು ತೋರಿಸಿವೆ. ಆ ಕ್ಯಾನ್ಸರಿನಲ್ಲಿ ವೈದ್ಯರ ನಿಯತ ತಪಾಸಣೆ ಮತ್ತು ಮ್ಯಾಮೊಗ್ರಾಂಗಳೇ ಸಾಕು. ಬೇರೆ ಬೇರೆ ಕ್ಯಾನ್ಸರುಗಳಿಗೆ ಬೇರೆ ಬೇರೆ ಕ್ರಮವುಂಟಾದರೂ, ಆ ಕ್ರಮವನ್ನು ನಿರ್ಧರಿಸತಕ್ಕದ್ದು ರೋಗದ ಸ್ವಭಾವವೇ ಹೊರತು ರೋಗಿಯ ಕಳವಳವಲ್ಲ. ಏಕೆಂದರೆ ಸ್ಕ್ಯಾನಿನಿಂದ ದೊರೆತ ಸಮಾಧಾನ ಅಲ್ಪಾಯು, ಮುಂದಿನ ತಲೆನೋವಿನೊಡನೆ ಅದು ಕರಗಿಹೋಗುತ್ತದೆ.

ಮನೆಯೊಳಗಿನ ತೊಡಕು ಬೇರೊಂದು. ರೋಗ ತಿರುಗಿ ಬಂದರೇನು ಗತಿಯೆಂದು ರೋಗಿ ಬಾಯಿ ತೆರೆದರೆ, ‘ಬಿಡ್ತು ಅನ್ನು, ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ’ ಎಂದು ಹಿರಿಯರು ಪ್ರೀತಿಯಿಂದಲೇ ಗದರುತ್ತಾರೆ. ಆ ಪ್ರೀತಿಯ ಫಲವಾಗಿ ಒಂದೇ ಭಯವನ್ನು ನಾಲ್ವರು ನಾಲ್ಕು ಮೂಲೆಗಳಲ್ಲಿ ಪ್ರತ್ಯೇಕವಾಗಿ ಅನುಭವಿಸುವಂತಾಗುತ್ತದೆ. ಈ ಮೌನವನ್ನು ಮುರಿಯುವ ಮಾದರಿಯೊಂದು ಹತ್ತಿರದಲ್ಲೇ ಇದೆ. ಇದೇ ಪುಣೆಯಲ್ಲಿ ಮನೋವೈದ್ಯೆ ಡಾ. ಅನಿತಾ ಅವಚಟರು ತಮ್ಮ ಪತಿ, ಮರಾಠಿ ಲೇಖಕ ಅನಿಲ ಅವಚಟರೊಡನೆ 1986ರಲ್ಲಿ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವನ್ನು ಸ್ಥಾಪಿಸಿದರು. ಅವರೇ 1997ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ವ್ಯಸನಮುಕ್ತಿಯ ಕ್ಷೇತ್ರದಲ್ಲಿ ಮರುಕಳಿಕೆಯೆಂಬುದು ನುಡಿಯಬಾರದ ಮಾತಲ್ಲ. ಬಿಟ್ಟ ಕುಡಿತ ಮರಳಿ ಅಂಟಬಹುದೆಂಬುದನ್ನು ಮೊದಲ ದಿನವೇ ಒಪ್ಪಿಕೊಂಡು, ಅದರ ಪೂರ್ವಚಿಹ್ನೆಗಳನ್ನು ಕಲಿಸಿ, ಇಂದಿನ ದಿನವೊಂದನ್ನು ನೆಟ್ಟಗೆ ಕಳೆಯುವುದನ್ನೇ ಗುರಿಯಾಗಿಟ್ಟು, ಕುಟುಂಬವನ್ನೂ ಕೂಟದಲ್ಲಿ ಕೂರಿಸಿಕೊಳ್ಳುತ್ತಾರೆ. ಕ್ಯಾನ್ಸರು ವ್ಯಸನವಲ್ಲ, ಅದರ ಮರಳುವಿಕೆ ಯಾರ ಸಂಕಲ್ಪದ ಸೋಲೂ ಅಲ್ಲ. ಆದರೂ ಮರಳುವಿಕೆಯನ್ನು ಕುರಿತು ಮುಚ್ಚುಮರೆಯಿಲ್ಲದೆ ಮಾತಾಡುವ ಆ ವಿದ್ಯೆಯನ್ನು ಕ್ಯಾನ್ಸರ್ ವಿಭಾಗಗಳು ಎರವಲು ಪಡೆಯಲು ಅಡ್ಡಿಯೇನು?

ರೋಗಿಯೂ ಕೆಲವನ್ನು ಮಾಡಬಹುದು: ಯಾವ ಚಿಹ್ನೆ ಕಂಡರೆ ಕೂಡಲೇ ಬರಬೇಕು, ಯಾವುದಕ್ಕೆ ಒಂದೆರಡು ವಾರ ಕಾಯಬಹುದು ಎಂಬುದನ್ನು ವೈದ್ಯರಿಂದ ಕನ್ನಡದಲ್ಲಿ ಬರೆಯಿಸಿಕೊಳ್ಳುವುದು, ರಿಪೋರ್ಟನ್ನು ಒಬ್ಬಂಟಿಯಾಗಿ ತೆರೆಯದಿರುವುದು. ಆದರೆ ಹೆಚ್ಚಿನ ಹೊಣೆ ಆಸ್ಪತ್ರೆಯದು. ಸ್ಕ್ಯಾನಿನ ದಿನವನ್ನು ಕೊಡುವಾಗಲೇ ಅದರ ಮರುದಿನದೊಳಗೆ ವೈದ್ಯರ ಭೇಟಿಯನ್ನೂ ಗೊತ್ತುಪಡಿಸುವುದಕ್ಕೆ ಹೊಸ ಯಂತ್ರ ಬೇಕಿಲ್ಲ. ತೂಕ, ರಕ್ತದೊತ್ತಡಗಳನ್ನು ಬರೆದುಕೊಳ್ಳುವ ನರ್ಸು ‘ರೋಗ ಮರಳೀತೆಂಬ ಚಿಂತೆ ಎಷ್ಟಿದೆ?’ ಎಂದು ರೋಗಿಯ ಭಾಷೆಯಲ್ಲಿ ಕೇಳಿ ಅದನ್ನೂ ಫೈಲಿನಲ್ಲಿ ದಾಖಲಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯದು. ಹಾಗೆ ದಾಖಲಾದಾಗ, ಯಾರಿಗೆ ಮಾತಿನ ಸಾಂತ್ವನ ಸಾಕು, ಯಾರನ್ನು ಮನೋವೈದ್ಯರಲ್ಲಿಗೆ ಕಳುಹಿಸಬೇಕು ಎಂಬ ವಿವೇಚನೆ ಸಾಧ್ಯವಾಗುತ್ತದೆ. ಅಲ್ಲಿಯವರೆಗೆ ನಾವು ಹೇಳುವ ಧೈರ್ಯವು ನಮ್ಮ ಅನುಕೂಲಕ್ಕಾಗಿ ಹೇಳಿಕೊಂಡದ್ದೇ ಆಗಿರುತ್ತದೆ.