‘ಯಾವುದೋ ಹಕ್ಕಿ’ ಎಂದದ್ದು ಸಾಕು

ಕರ್ನಾಟಕದ ರಾಜ್ಯ ಪಕ್ಷಿ ಯಾವುದೆಂದು ಐದನೇ ಕ್ಲಾಸಿನ ಮಗುವನ್ನು ಕೇಳಿ. ‘ನೀಲಕಂಠ’ ಎಂದು ಥಟ್ಟನೆ ಹೇಳುತ್ತದೆ. ‘ನೋಡಿದ್ದೀಯಾ?’ ಎಂದು ಕೇಳಿ. ಸುಮ್ಮನಾಗುತ್ತದೆ. ಅದೇ ಪ್ರಶ್ನೆಯನ್ನು ಮಗುವಿನ ಅಪ್ಪನಿಗೆ, ಪಾಠ ಹೇಳಿದ ಮೇಷ್ಟ್ರಿಗೆ, ಪರೀಕ್ಷೆಯಲ್ಲಿ ಇದೇ ಉತ್ತರ ಬರೆದು ಸರ್ಕಾರಿ ನೌಕರಿ ಹಿಡಿದವರಿಗೆ ಕೇಳಿ. ಅಲ್ಲೂ ಅದೇ ಮೌನ.

ನಾನೂ ಆ ಮೌನದ ಪೈಕಿಯೇ. ಶಾಲೆಯಲ್ಲಿ ಒಂದು ಅಂಕ ಸಿಕ್ಕಿತ್ತು; ಹಕ್ಕಿ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ. ಊರ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಎದುರಿನ ಕರೆಂಟು ತಂತಿಯ ಮೇಲೆ ಮಣ್ಣುಬಣ್ಣದ, ದಪ್ಪ ತಲೆಯ ಹಕ್ಕಿಯೊಂದು ಮಂಕು ಹಿಡಿದಂತೆ ಕೂತಿತ್ತು. ‘ಚಿಕ್ಕಪ್ಪಾ, ಅದ್ಯಾವ ಹಕ್ಕಿ?’ ಎಂದಳು ಅಣ್ಣನ ಮಗಳು. ‘ಯಾವುದೋ ಹಕ್ಕಿ ಪುಟ್ಟಿ’ ಎಂದೆ. ಆ ಮಾತು ಮುಗಿಯುವುದರೊಳಗೆ ಅದು ಹುರುಳಿ ಹೊಲಕ್ಕೆ ಇಳಿಯಲೆಂದು ರೆಕ್ಕೆ ಬಿಚ್ಚಿತು. ತಿಳಿನೀಲಿ, ಕಡುನೀಲಿ ಎರಡೂ ಝಗ್ಗನೆ ಹೊತ್ತಿಕೊಂಡವು. ಹುಳ ಕಚ್ಚಿಕೊಂಡು ತಂತಿಗೆ ಮರಳಿ, ರೆಕ್ಕೆ ಮಡಚಿ, ಮತ್ತೆ ಮಣ್ಣುಬಣ್ಣವಾಯಿತು. ಅದೇ ನೀಲಕಂಠ. ಹೆಸರಲ್ಲಿ ಏನಿದ್ದರೂ ಅದರ ಕಂಠ ನೀಲಿಯಲ್ಲ. ನೀಲಿಯೆಲ್ಲ ನೆತ್ತಿಯಲ್ಲಿ, ರೆಕ್ಕೆಯಲ್ಲಿ, ಬಾಲದಲ್ಲಿ. ಇಷ್ಟು ಸಣ್ಣ ಸಂಗತಿಯೂ ಗೊತ್ತಿಲ್ಲದೆ ಆ ತಂತಿಯ ಕೆಳಗೆ ಎಷ್ಟು ವರ್ಷ ಬಸ್ಸಿಗೆ ಕಾದಿದ್ದೆ!

ಆಮೇಲೆ ಗೊತ್ತಾದ ಸಂಗತಿ ಇನ್ನೂ ಕಹಿ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ಕುರಿತು ಒಂದು ದೊಡ್ಡ ವರದಿ ಬಂತು. ಅದು 942 ಜಾತಿಗಳ ಹಕ್ಕಿಗಳನ್ನು ಪರಿಶೀಲಿಸಿತ್ತು. ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ, ಅವುಗಳಲ್ಲಿ ಶೇ. 60ರಷ್ಟು ಇಳಿಮುಖವಾಗಿದ್ದವು. ಗಣನೀಯವಾಗಿ ಇಳಿದಿರುವುದರಿಂದ ಅಳಿವಿನ ಅಪಾಯವನ್ನು ಹೊಸದಾಗಿ ಅಳೆಯಬೇಕೆಂದು ವರದಿ ಹೆಸರಿಸಿದ ಹಕ್ಕಿಗಳಲ್ಲಿ ನಮ್ಮ ನೀಲಕಂಠವೂ ಒಂದು. ನಾಡಿನ ಲಾಂಛನವಾಗಿ ಕೂರಿಸಿದ ಹಕ್ಕಿ ನಾಡಿನ ತಂತಿಗಳಿಂದ ಸದ್ದಿಲ್ಲದೆ ಜಾರುತ್ತಿತ್ತು. ನಾವು ರಾಜ್ಯೋತ್ಸವ ಮಾಡುತ್ತಿದ್ದೆವು.

ಇದನ್ನು ಕಂಡುಹಿಡಿದವರು ಯಾರು? ಆ ವರದಿಯ ತಳಪಾಯ ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿ ನೋಡುಗರು ಬರೆದಿಟ್ಟ ಸುಮಾರು 3 ಕೋಟಿ ದಾಖಲೆಗಳು. ಅವರಲ್ಲಿ ಬಹುಪಾಲು ಜನ ವಿಜ್ಞಾನಿಗಳಲ್ಲ, ನಮ್ಮ ನಿಮ್ಮಂಥವರೇ. ಬೆಳಗಿನ ವಾಕಿಂಗಿನಲ್ಲಿ, ಕೆರೆ ಏರಿಯ ಮೇಲೆ, ಮನೆಯ ಟೆರೇಸಿನಲ್ಲಿ ನಿಂತು ನೋಡಿದವರು, ಎಣಿಸಿದವರು, ಬರೆದವರು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ನಂಜನಗೂಡು ಸೀಮೆಯ ಹದಿನಾರು ಕೆರೆಗೆ ಬಂದಿಳಿದದ್ದು ತಿಳಿದದ್ದೂ ಹೀಗೆಯೇ. ಯಾರೋ ಒಬ್ಬರು ಕೆರೆಯ ದಡದಲ್ಲಿ ಕಾದು ಕೂತು ಆ ಪಟ್ಟಿಯ ಅಕ್ಷರ ಓದಿದರು.

ಮನಸ್ಸಾಕ್ಷಿ ಎಂಬ ಮಾತನ್ನು ನಾವು ಭಾಷಣಗಳಲ್ಲಿ ಸವೆಸಿಬಿಟ್ಟಿದ್ದೇವೆ. ಅದರೊಳಗೆ ಸಾಕ್ಷಿ ಇದೆ, ಸಾಕ್ಷಿಯೊಳಗೆ ಅಕ್ಷಿ ಇದೆ. ಅಕ್ಷಿ ಎಂದರೆ ಕಣ್ಣು. ಕಣ್ಣಾರೆ ಕಾಣದವನು ಯಾವ ಕಟಕಟೆಯಲ್ಲಿ ನಿಂತು ಏನು ಹೇಳಿಯಾನು? ಅದಕ್ಕೇ ನನ್ನ ಕರೆ ಇಷ್ಟೇ: ನೋಡಲು ಶುರುಮಾಡಿ.

ನಮ್ಮ ಹಿಂದಿನವರು ನೋಡಿದ್ದರು. ನೋಡದೆ ಆ ಹೆಸರುಗಳು ಹುಟ್ಟುತ್ತಿರಲಿಲ್ಲ. ಹಿಂಡಾಗಿ ಕೂತು ಒಂದೇ ಸಮನೆ ವಟಗುಟ್ಟುವ ಹಕ್ಕಿಗೆ ಹರಟೆಮಲ್ಲ ಎಂದರು. ನೀರಂಚಿನಲ್ಲಿ ಬಾಲ ಕುಣಿಸುವುದಕ್ಕೆ ನಾಚಿಕೆ ಬಿಟ್ಟು ಕುಂಡೆಕುಸ್ಕ ಎಂದರು. ತಲೆಯ ಮೇಲಿನ ಜುಟ್ಟು ನೋಡಿ ಚಂದ್ರಮುಕುಟ, ನೀರಿಗೆ ಮಿಂಚಿನಂತೆ ಎರಗುವುದನ್ನು ನೋಡಿ ಮಿಂಚುಳ್ಳಿ. ಒಂದೊಂದು ಹೆಸರೂ ಯಾರೋ ಹೊಲದ ಬದುವಿನಲ್ಲಿ ನಿಂತು ನೋಡಿದ್ದರ ಗುರುತು. ಆ ಜನರ ಮೊಮ್ಮಕ್ಕಳಾದ ನಮಗೆ ಎಲ್ಲವೂ ‘ಯಾವುದೋ ಹಕ್ಕಿ’. ಯಾವುದೋ ಹಕ್ಕಿ ಸತ್ತರೆ ಯಾರಿಗೆ ನಷ್ಟ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಗೂಡಿನಿಂದ ಬಿದ್ದ ಮರಿಗೆ ಮೀನು ತಿನ್ನಿಸಿ ಸಾಕುವ ಯುವಕರು ಅಲ್ಲಿದ್ದಾರೆ. ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿದ್ದು 2007ರಲ್ಲಿ. ಊರವರು ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಘೋಷಿಸಿಕೊಂಡಿದ್ದರು.

‘ನನಗೇನೂ ಗೊತ್ತಿಲ್ಲ, ಎಲ್ಲಿಂದ ಶುರುಮಾಡಲಿ?’ ಎನ್ನುತ್ತೀರಿ. ಕಬಿನಿ, ದಾಂಡೇಲಿ ಆಮೇಲೆ ನೋಡೋಣ. ಮೊದಲು ನಿಮ್ಮ ಬೀದಿ. ಹೊತ್ತು ಮೂಡುವಾಗ ಹದಿನೈದು ನಿಮಿಷ ಒಂದೇ ಕಡೆ ನಿಲ್ಲಿ. ಮೊಬೈಲು ಜೇಬಿನಲ್ಲಿರಲಿ. ಮೊದಲ ಐದು ನಿಮಿಷ ಏನೂ ಇಲ್ಲ ಅನ್ನಿಸುತ್ತದೆ. ಆಮೇಲೆ ನುಗ್ಗೆಮರದಲ್ಲಿ ಸೂರಕ್ಕಿ ಅಲ್ಲಾಡುತ್ತದೆ, ಬೇಲಿಯೊಳಗಿಂದ ಹೆಬ್ಬೆರಳುದ್ದದ ಟುವ್ವಿ ಹಕ್ಕಿ ಮೈಗೆ ಮೀರಿದ ದನಿಯಲ್ಲಿ ಕೂಗುತ್ತದೆ. ಗೊತ್ತಿಲ್ಲದ ಹಕ್ಕಿಯನ್ನು ಗೊತ್ತಿರುವುದರ ಪಕ್ಕ ನಿಲ್ಲಿಸಿ ನೋಡಿ: ಗುಬ್ಬಿಗಿಂತ ದೊಡ್ಡದೋ, ಗೊರವಂಕದಷ್ಟೋ, ಕಾಗೆಗಿಂತ ಚಿಕ್ಕದೋ? ಕೊಕ್ಕು ಹೇಗಿದೆ? ಎಲ್ಲಿ ಕೂತಿದೆ, ಏನು ಮಾಡುತ್ತಿದೆ? ಬಣ್ಣ ಬೆಳಕಿಗೆ ತಕ್ಕಂತೆ ಮೋಸ ಮಾಡುತ್ತದೆ, ನಡವಳಿಕೆ ಅಷ್ಟಾಗಿ ಮಾಡುವುದಿಲ್ಲ.

ಮೊದಲ ತಿಂಗಳು ಬರಿಗಣ್ಣು, ಎರಡು ರೂಲಿನ ನೋಟ್‌ಬುಕ್ಕು, ಪೆನ್ಸಿಲ್ ಸಾಕು. ದಿನಾಂಕ, ಹೊತ್ತು, ಜಾಗ, ಹಕ್ಕಿ, ಎಷ್ಟಿದ್ದವು: ಇಷ್ಟು ಬರೆಯಿರಿ. ಹುಚ್ಚು ಹತ್ತಿದ ಮೇಲೆ 8×42 ಬೈನಾಕ್ಯುಲರ್ ಕೊಳ್ಳಿ. ಎಂಟು ಪಟ್ಟು ಹತ್ತಿರ ತರುತ್ತದೆ, ಕೈ ನಡುಗಿದರೂ ನೋಟ ಅಷ್ಟಾಗಿ ಅಲ್ಲಾಡದು. ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕೈಚೀಲದಲ್ಲಿರಲಿ. ಬೆಂಗಳೂರಿನವರಾದರೆ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿಗೆ ಹೋಗಿ. ಹಕ್ಕಿ ನೋಡುವವರು 1970ರ ದಶಕದಿಂದ ಅಲ್ಲಿ ಸೇರುತ್ತ ಬಂದಿದ್ದಾರೆ. ಬರೆದದ್ದನ್ನು ಹಕ್ಕಿ ದಾಖಲೆಗಳ ಜಾಲತಾಣ ‘ಇಬರ್ಡ್’ಗೆ ಸೇರಿಸಿದರೆ ನಿಮ್ಮ ಕೆರೆಯ ಲೆಕ್ಕ ದೇಶದ ಲೆಕ್ಕಕ್ಕೆ ಕೂಡುತ್ತದೆ.

ಇದರಿಂದ ಏನಾದೀತು ಎನ್ನಬೇಡಿ. ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ. ಪಕ್ಷಿತಜ್ಞ ಸಲೀಂ ಅಲಿ ಅಲ್ಲಿನ ನಡುಗಡ್ಡೆಗಳಲ್ಲಿ ಗೂಡುಗಳನ್ನು ಕಂಡು ಮೈಸೂರು ಅರಸರ ಆಡಳಿತಕ್ಕೆ ಹೇಳಿದ್ದರ ಫಲ ಅದು. ನೋಡಿದವನ ಮಾತಿಗೆ ತೂಕ ಹೆಚ್ಚು. ನಾಳೆ ನಿಮ್ಮೂರ ಕೆರೆಯನ್ನು ಮುಚ್ಚಲು ಹೊರಟವರು ‘ಇದು ಸತ್ತ ಕೆರೆ’ ಎಂದಾಗ, ಹತ್ತು ವರ್ಷದ ನಿಮ್ಮ ನೋಟ್‌ಬುಕ್ಕು ಎದ್ದು ನಿಂತು ಉತ್ತರ ಕೊಡಲಿ. ಪಹಣಿಯಲ್ಲಿ ‘ಖರಾಬು’ ಎಂದು ಬರೆದ ಬಯಲೇ ಟಿಟ್ಟಿಭದ ಹೆರಿಗೆಮನೆ. ಬರೀ ನೆಲದ ಮೇಲೆ, ಕಲ್ಲುಹರಳುಗಳ ನಡುವೆ, ಹರಳಿನಂತೆಯೇ ಕಾಣುವ ನಾಲ್ಕು ಮೊಟ್ಟೆ. ಹುಲ್ಲುಗಾವಲು, ಕುರುಚಲು ಬಯಲನ್ನು ನಂಬಿದ ಹಕ್ಕಿಗಳೇ ಹೆಚ್ಚು ಕುಸಿದಿವೆ ಎಂದು ಅದೇ ವರದಿ ಹೇಳಿದೆ. ಆ ಬಯಲು ಖಾಲಿಯಲ್ಲ ಎಂದು ಹೇಳಬಲ್ಲವರು ಅಲ್ಲಿ ಕೂತು ನೋಡಿದವರು ಮಾತ್ರ.

ಇನ್ನು, ಆಗಲೇ ಕ್ಯಾಮೆರಾ ಹಿಡಿದಿರುವ ಗೆಳೆಯರಿಗೆ ಎರಡು ಕಟು ಮಾತು. ಒಮ್ಮೆ ಒಂದು ಒಳ್ಳೆಯ ಫೋಟೋಗಾಗಿ ನಾನೇ ಟಿಟ್ಟಿಭದ ಮೊಟ್ಟೆಗಳ ಸನಿಹ ಕೂತುಬಿಟ್ಟಿದ್ದೆ. ತಾಯಿ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿತ್ತು, ಮೊಟ್ಟೆಗಳು ಉರಿಬಿಸಿಲಿಗೆ ಬಿದ್ದಿದ್ದವು. ಅದು ನನ್ನನ್ನು ಬೈಯುತ್ತಿದೆ ಎಂದು ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು. ಆ ಚಿತ್ರವನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ. ಗೂಡಿನ ಬಳಿ ಹೋಗಬೇಡಿ, ಗೂಡಿರುವ ಜಾಗವನ್ನು ಊರಿಗೆಲ್ಲ ಸಾರಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಸುವುದು, ಇಲ್ಲದ ಎದುರಾಳಿಯ ಜೊತೆ ಅದನ್ನು ಜಗಳಕ್ಕೆ ನಿಲ್ಲಿಸಿದಂತೆ. ಗಿಳಿಯನ್ನು ಪಂಜರದಲ್ಲಿಟ್ಟು ಪ್ರೀತಿ ಎನ್ನಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ದಸರೆಯಲ್ಲಿ ನೀಲಕಂಠನ ದರ್ಶನ ಶುಭವೆಂದು ಅದನ್ನೇ ಹಿಡಿದು, ಕಟ್ಟಿ, ಬೀದಿ ಬೀದಿಯಲ್ಲಿ ತೋರಿಸಿ ಕಾಸು ಕೇಳುವವರು ದೇಶದ ಕೆಲವೆಡೆ ಇಂದಿಗೂ ಇದ್ದಾರೆ. ಕಾಸು ಕೊಡುವ ಕೈ ಇರುವತನಕ ಕಟ್ಟುವ ಕೈಯೂ ಇರುತ್ತದೆ.

ಅಣ್ಣನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅದೇ ಗೇಟಿನಲ್ಲಿ ಬಸ್ಸಿಗೆ ನಿಂತಾಗ ಅವಳ ಕಣ್ಣು ಮೊದಲು ಹೋಗುವುದು ತಂತಿಗೆ. ಕೆಲವು ಸಲ ಇರುತ್ತದೆ, ಈಚೆಗೆ ಹಲವು ಸಲ ಇರುವುದಿಲ್ಲ. ಅವಳು ಎರಡನ್ನೂ ಬರೆದಿಡುತ್ತಾಳೆ.

ನೀವೂ ಬರೆಯಿರಿ. ನಾಳೆ ಬೆಳಿಗ್ಗೆ ಹದಿನೈದು ನಿಮಿಷ ಕೊಡಿ, ಪಕ್ಕದಲ್ಲಿ ಒಂದು ಮಗುವನ್ನು ನಿಲ್ಲಿಸಿಕೊಳ್ಳಿ. ನೀಲಕಂಠ ಕಂಡರೆ ದಿನಾಂಕ ಹಾಕಿ ಬರೆಯಿರಿ. ಕಾಣದಿದ್ದರೆ, ಕಾಣಲಿಲ್ಲ ಎಂದು ಬರೆಯಿರಿ. ಅದೂ ಸಾಕ್ಷಿಯೇ.