ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿದರೆ

ಹಬ್ಬಕ್ಕೆ ಮುಂಚೆ ಬಾಗಿಲು, ಕಿಟಕಿಗಳಿಗೆ ಎನಾಮಲ್ ಬಳಿಯುವಾಗ ಟರ್ಪೆಂಟೈನ್ ಅರ್ಧದಲ್ಲೇ ಮುಗಿಯುವುದುಂಟು. ಆಗ ಉಳಿದಿರುವುದಕ್ಕೆ ಸೀಮೆಎಣ್ಣೆಯನ್ನೋ ಸ್ಕೂಟರಿನ ಪೆಟ್ರೋಲನ್ನೋ ಸೇರಿಸುತ್ತಾರೆ. ಇವು ಮತ್ತೆ ಬೇರೆಬೇರೆಯಾಗಿ ನಿಲ್ಲುವುದಿಲ್ಲವೇ ಎಂಬುದು ಹಲವು ಸಹೋದರಿಯರ ಸಂಶಯ.

ನಿಲ್ಲುವುದಿಲ್ಲ. ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್, ಸೀಮೆಎಣ್ಣೆ, ಪೆಟ್ರೋಲ್ ಮೂರೂ ಕಚ್ಚಾತೈಲದಿಂದ ಬಂದವು. ಎಷ್ಟು ಬೆರೆಸಿದರೂ ಒಂದಾಗುತ್ತವೆ. ಎಷ್ಟು ದಿನ ಇಟ್ಟರೂ ಎಣ್ಣೆ-ನೀರಿನಂತೆ ಪದರವಾಗುವುದಿಲ್ಲ. ಡಬ್ಬಿಯ ತಳದಲ್ಲಿ ಕೂರುವುದು ಬಣ್ಣದ ಪುಡಿ. ಅದನ್ನು ಕಲಕಿದರಾಯಿತು.

ತೊಂದರೆ ಇರುವುದು ಬಳಿದ ಮೇಲೆ. ಡಬ್ಬಿಯಲ್ಲಿ ಒಂದಾಗಿದ್ದವು ಮರದ ಮೇಲೆ ಒಂದೇ ವೇಗದಲ್ಲಿ ಆರುವುದಿಲ್ಲ. ಪೆಟ್ರೋಲ್ ಬೇಗನೆ ಹಾರಿಹೋಗುತ್ತದೆ, ಸೀಮೆಎಣ್ಣೆ ನಿಧಾನವಾಗಿ. ಬಾಗಿಲು ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ, ಹೊಳಪು ಮಂಕಾಗುತ್ತದೆ. ಇಷ್ಟಾದರೆ ನಷ್ಟ ಬಣ್ಣದ್ದು ಮಾತ್ರ. ಆದರೆ ಪೆಟ್ರೋಲಿನ ಮಾತೇ ಬೇರೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಗಲಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಆ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ಅಡುಗೆಮನೆಯ ಒಲೆಯವರೆಗೂ ಹೋಗಬಲ್ಲದು. "ಸ್ವಲ್ಪವೇ ಹಾಕಿದ್ದಮ್ಮಾ" ಎಂದು ಪೇಂಟರ್ ಹೇಳಿದರೂ ಒಪ್ಪಬೇಡಿ.

ಇನ್ನು, ಉಳಿದ ಟರ್ಪೆಂಟೈನನ್ನು ನೀರಿನ ಬಾಟಲಿಗೆ ಸುರಿದಿಡುವ ಕೆಟ್ಟ ಅಭ್ಯಾಸ! ಬಾಯಾರಿದ ಮಗು ಅದನ್ನು ಕುಡಿದರೆ ವಾಂತಿ ಮಾಡಿಸಲೇಬಾರದು. ಮೇಲೆ ಬಂದ ದ್ರವ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕೂಡಲೇ ಆಸ್ಪತ್ರೆಗೆ ಕೊಂಡೊಯ್ಯಿರಿ, ಆ ಬಾಟಲಿಯನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.