ಹತ್ತುವವನ ಹುರಿ

ನಮ್ಮ ದಕ್ಷಿಣ ಬೆಂಗಳೂರಿನವರಿಗೆ ಮರಗಳ ಬಗ್ಗೆ ಬಲು ಹೆಮ್ಮೆ. ಊರಿನಿಂದ ನೆಂಟರು ಬಂದರೆ ಜಯನಗರದ ಅಂಗಡಿಗಳಿಗಿಂತ ಮೊದಲು ರಸ್ತೆಗೆ ಚಪ್ಪರ ಹಾಕಿ ನಿಂತ ಮಳೆಮರಗಳನ್ನು ತೋರಿಸುತ್ತೇವೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ನಗರದ ತುಂಬ ಲಕ್ಷಗಟ್ಟಲೆ ಸಸಿ ನೆಡಿಸಿದ ಕಥೆಯನ್ನು ಅವರಿಗೆ ಹೇಳುತ್ತೇವೆ. ಮರ ಕಡಿಯಲು ಅಪ್ಪಣೆ ಬೇಕೆನ್ನುವ 1976ರ ಕಾಯ್ದೆ ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ಎಲ್ಲಾದರೂ ಕೊಡಲಿ ಬೀಳುತ್ತದೆಂದರೆ ಬೋರ್ಡು ಹಿಡಿದು ನಿಲ್ಲುತ್ತೇವೆ. ನಾನೂ ನಿಂತಿದ್ದೇನೆ, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ.

ನಾಚಿಕೆಯಿರುವುದು ಬೇರೆ ಸಂಗತಿಗೆ. ಇದೇ ಮರಗಳನ್ನು ಹತ್ತಿ ಕಾಯಿ ಇಳಿಸುವ, ಒಣಗಿದ ಗರಿ ತೆಗೆಯುವ, ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವ ಮನುಷ್ಯನೊಬ್ಬನಿದ್ದಾನಲ್ಲ, ಅವನು ಗೇಟಿನ ಹತ್ತಿರ ಬಂದು ನಿಂತಾಗ ನಾವು ಕೇಳುವ ಪ್ರಶ್ನೆ ಒಂದೇ: 'ಎಷ್ಟು ತಗೋತೀಯ?' ಮೇಲೆ ಹೋದಾಗ ಅವನು ಯಾವುದಕ್ಕೆ ಜೋತುಬಿದ್ದಿರುತ್ತಾನೆ ಎಂದು ನಾವು ಕೇಳುವುದಿಲ್ಲ.

ಏಳೆಂಟು ವರ್ಷದ ಹಿಂದೆ ನಾನೂ ಕೇಳಲಿಲ್ಲ. ಜೆ.ಪಿ. ನಗರದ ನಮ್ಮ ಮನೆಯ ಹಿಂದಿನ ಮಾವಿನ ಮರದ ಕೊಂಬೆಗಳು ಪಕ್ಕದವರ ಶೀಟಿನ ಮೇಲೆ ವಾಲಿದ್ದವು. ಕನಕಪುರದ ಕಡೆಯವನೊಬ್ಬ ಬಂದ. ಎಂಟುನೂರಕ್ಕೆ ಮಾತಾಯಿತು. 'ಹಗ್ಗ ಇದ್ರೆ ಕೊಡಿ ಸಾರ್' ಎಂದ. ತಾರಸಿಯ ಮೇಲೆ ಬಟ್ಟೆ ಒಣಹಾಕಲು ಕಟ್ಟಿದ್ದ ನೀಲಿ ಪ್ಲಾಸ್ಟಿಕ್ ಹಗ್ಗವನ್ನೇ ಬಿಚ್ಚಿ ಕೊಟ್ಟೆ. ಎರಡು ಬೇಸಿಗೆಯ ಬಿಸಿಲು ತಿಂದಿದ್ದ ಹಗ್ಗ. ಅವನು ಅದನ್ನು ಮೇಲಿನ ಕವಲಿನ ಮೇಲಿಂದ ಹಾಯಿಸಿ ಒಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡ. ಅದರಲ್ಲೇ ಒಂದು ಮೊಳ ಕತ್ತರಿಸಿ, ಆ ತುಂಡಿನಿಂದ ಸೊಂಟಕ್ಕೂ ಇಳಿಬಿದ್ದ ಇನ್ನೊಂದು ಎಳೆಗೂ ನಡುವೆ ಎರಡು ಸುತ್ತಿನ ಗಂಟು ಹಾಕಿದ. ಮೆಟ್ರೋ ಕೆಲಸದಲ್ಲಿ ಯಾರೋ ಹಾಕುವುದನ್ನು ನೋಡಿದ್ದನಂತೆ. ಎರಡು ಕೊಂಬೆ ಸರಾಗವಾಗಿ ಬಿದ್ದವು. ಮೂರನೆಯದಕ್ಕೆ ಕೈಚಾಚಿದಾಗ ಕಾಲು ಜಾರಿತು. ಹಿಡಿಯಬೇಕಾದ ಗಂಟು ಹಿಡಿಯದೆ ಎಂಟು ಅಡಿ ಜಾರಿತು. ಅವನು ಬರಿಗೈಯಲ್ಲಿ ಹಗ್ಗ ಹಿಡಿದು, ಕೆಳಗಿನ ಕವಲಿಗೆ ಕಾಲು ತಗುಲಿ ನಿಂತ. ಕೆಳಗಿಳಿದಾಗ ಎರಡೂ ಅಂಗೈಯ ಚರ್ಮ ಸುಲಿದುಹೋಗಿತ್ತು. 'ಏನಾಗಿಲ್ಲ ಬಿಡಿ ಸಾರ್' ಎಂದ. ನಾನು ಮುಲಾಮು ಕೊಟ್ಟೆ, ಕಾಫಿ ಕೊಟ್ಟೆ. ಒಂದು ಕೊಂಬೆ ಉಳಿಯಿತೆಂದು ನೂರು ರೂಪಾಯಿ ಹಿಡಿದುಕೊಂಡು ಏಳುನೂರು ಕೊಟ್ಟೆ.

ಆ ನೂರು ರೂಪಾಯಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕಿಂತ ಹೆಚ್ಚು ಚುಚ್ಚುವುದು, ನಾನು ಹಗ್ಗದ ಬಗ್ಗೆ ಏನೂ ತಿಳಿಯದ ಪೇಟೆಯವನಲ್ಲ ಎಂಬ ಸಂಗತಿ. ನಾನು ಹುಟ್ಟಿದ್ದು ಶಿರಸಿಯ ಕಡೆ, ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ಕೊನೆ ಕೊಯ್ಯುವವನು ಪಾದಗಳಿಗೆ ಸಿಕ್ಕಿಸಿಕೊಳ್ಳುವ ಬಳೆಯಂಥ ಹಗ್ಗಕ್ಕೆ ತಳೆ ಎನ್ನುತ್ತಾರೆ. ಅವನು ತಳೆಯನ್ನು ಆರಿಸುವುದನ್ನು ನೋಡಬೇಕು. ಹಿಸುಕಿ ನೋಡುತ್ತಾನೆ, ನೀರಿಗೆ ಅದ್ದುತ್ತಾನೆ, ಮರದ ಬುಡದಲ್ಲಿ ಎರಡು ಹೆಜ್ಜೆ ಏರಿ ಕುಪ್ಪಳಿಸುತ್ತಾನೆ, ಒಪ್ಪದಿದ್ದರೆ ಬಿಸಾಡುತ್ತಾನೆ. ಪಾಚಿ ಹಿಡಿದ ಮರಕ್ಕೆ ಒಂದು ಬಗೆಯ ಬಿಗಿ, ಒಣ ಮರಕ್ಕೆ ಇನ್ನೊಂದು. ಒಬ್ಬನ ತಳೆಯನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಅವನು ಇನ್ನೊಂದು ತಳೆ ಹುಡುಕಲು ಅರ್ಧ ಗಂಟೆ ತೆಗೆದುಕೊಂಡರೂ ಅಪ್ಪ ಗಡಿಬಿಡಿ ಮಾಡುತ್ತಿರಲಿಲ್ಲ. ಅಂಥ ಮನೆಯ ಮಗ ಬಟ್ಟೆ ಹಗ್ಗ ಬಿಚ್ಚಿಕೊಟ್ಟೆ.

ಆಮೇಲೆ ಆ ಗಂಟು ಯಾಕೆ ಹಿಡಿಯಲಿಲ್ಲ ಎಂದು ತಿಳಿಯಲು ಹೊರಟೆ. ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ಮರ ಹತ್ತಲು ಕಲಿಸುವುದಕ್ಕಲ್ಲ, ಅದನ್ನು ಬಲ್ಲವರ ಬಳಿಯೇ ನಿಂತು ಕಲಿಯಬೇಕು. ಹತ್ತಿಸುವ ನಮಗೆ ನಾಚಿಕೆಯಾಗಲಿ ಎಂದು.

ಬೆದರಿದ ಕೋಣದ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಸುತ್ತಿ ಹಿಡಿದರೆ ಹತ್ತು ವರ್ಷದ ಹುಡುಗನೂ ಅದನ್ನು ತಡೆಯಬಲ್ಲ. ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಇದು ಗೊತ್ತು. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಸಾಮಾನ್ಯ ಉಜ್ಜಾಟವಿದ್ದರೆ ಒಂದು ಸುತ್ತಿಗೆ ಸುಮಾರು ಆರು ಪಟ್ಟು, ಎರಡು ಸುತ್ತಿಗೆ ನಲವತ್ತು ಪಟ್ಟು. ನಮ್ಮವನು ಹಾಕಿದ ಗಂಟಿನ ಜೀವ ಇರುವುದು ಇದರಲ್ಲೇ. ದೊಡ್ಡ ಹಗ್ಗದ ಸುತ್ತ ಸಣ್ಣ ಹುರಿಯನ್ನು ಸುತ್ತಿದ ಈ ಗಂಟು ಭಾರ ಬಿದ್ದಾಗ ಕಚ್ಚಿ ಹಿಡಿಯುತ್ತದೆ, ಭಾರ ತೆಗೆದು ಕೈಯಿಂದ ಸರಿಸಿದರೆ ಜಾರುತ್ತದೆ. ಇದರಲ್ಲಿ ಹೆಸರಾದ ಒಂದು ಗಂಟನ್ನು ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಕಟಿಸಿದ. ಇವತ್ತು ಬೇರೆ ದೇಶಗಳಲ್ಲಿ ಮರ ಸವರುವವರು ಹತ್ತುವುದೂ ಇಳಿಯುವುದೂ ಇಂಥ ಗಂಟುಗಳ ಮೇಲೆಯೇ.

ಆದರೆ ಗಂಟು ಗೊತ್ತಿದ್ದರೆ ಸಾಲದು, ಹುರಿ ಸರಿಯಿರಬೇಕು. ಹುರಿ ಹಗ್ಗಕ್ಕಿಂತ ತೆಳ್ಳಗಿರಬೇಕು. ಹಗ್ಗ 12 ಮಿಲಿಮೀಟರ್ ದಪ್ಪವಿದ್ದರೆ ಹುರಿ 8ರಿಂದ 10. ಹಗ್ಗದಷ್ಟೇ ದಪ್ಪವಾದರೆ ಕಚ್ಚುವುದಿಲ್ಲ. ತೀರ ತೆಳ್ಳಗಾದರೆ ಕಚ್ಚಿದ್ದು ಬಿಡುವುದಿಲ್ಲ, ತಾಳಿಕೆಯೂ ಕಡಿಮೆ. ಬಡಿಗೆಯಂತೆ ಬಿರುಸಾದ ಹುರಿ ಸುತ್ತಿಗೆ ಒಗ್ಗುವುದಿಲ್ಲ. ಇನ್ನು ನೂಲಿನ ಮಾತು. ಅಗ್ಗದ ಪ್ಲಾಸ್ಟಿಕ್ ಹಗ್ಗ ಹೆಚ್ಚಾಗಿ ಪಾಲಿಪ್ರೊಪಿಲೀನಿನದು. ಅದರ ಮೈ ನುಣುಪು, ಬಿಸಿಲಿಗೆ ಬೇಗ ಸೊರಗುತ್ತದೆ, ಸುಮಾರು 160 ಡಿಗ್ರಿ ಶಾಖಕ್ಕೇ ಕರಗುತ್ತದೆ. ಪಾಲಿಯೆಸ್ಟರ್ 250 ಡಿಗ್ರಿ ದಾಟುವವರೆಗೆ ತಡೆಯುತ್ತದೆ. ಅರಾಮಿಡ್ ಎನ್ನುವ ನೂಲಂತೂ ಕರಗುವುದೇ ಇಲ್ಲ, ಇನ್ನೂ ಹೆಚ್ಚಿನ ಶಾಖಕ್ಕೆ ಕರಕಲಾಗುತ್ತದೆ ಅಷ್ಟೆ. ಸರ್ರನೆ ಇಳಿದಾಗ ಗಂಟಿನೊಳಗೆ ಹುಟ್ಟುವ ಶಾಖ ಸಣ್ಣದಲ್ಲ. ಒಮ್ಮೆ ಮೈ ಕರಗಿ ಗಾಜಿನಂತೆ ಹೊಳೆಯತೊಡಗಿದ ಹುರಿ ಮತ್ತೆ ಕಚ್ಚುವ ಭರವಸೆಯಿಲ್ಲ. ಅದನ್ನು ಬಿಸಾಡಬೇಕು. ಈಗ ನನ್ನ ನೀಲಿ ಹಗ್ಗವನ್ನು ನೋಡಿ: ಹುರಿಯೂ ಹಗ್ಗವೂ ಒಂದೇ ದಪ್ಪ, ಒಂದೇ ನುಣುಪು, ಮೇಲೆ ಬಿಸಿಲಿಗೆ ಬಿರುಸಾದದ್ದು, ಎರಡೇ ಸುತ್ತು. ಅವನ ಅಂಗೈ ಉಳಿಯುವ ದಾರಿಯೇ ಇರಲಿಲ್ಲ.

ಹೊಂದಿಸುವುದು ಇನ್ನೊಂದು ವಿದ್ಯೆ. ಹೊಸ ಹುರಿ ಜಾರುತ್ತದೆ, ಹಳತಾದದ್ದು ಬಿಗಿಯುತ್ತದೆ. ಒದ್ದೆಯಾದರೆ ನಡತೆಯೇ ಬೇರೆ. ಎಪ್ಪತ್ತು ಕಿಲೋದವನಿಗೆ ಸರಿಯಾದ ಸುತ್ತು ಐವತ್ತು ಕಿಲೋದವನಿಗೆ ಸರಿಯಾಗಬೇಕೆಂದಿಲ್ಲ. ಆದ್ದರಿಂದ ಹಗ್ಗ ಬದಲಾದರೂ, ಹುರಿ ಬದಲಾದರೂ, ಹತ್ತುವವನು ಬದಲಾದರೂ ಮತ್ತೆ ಮೊದಲಿಂದ ಪರೀಕ್ಷೆ. ನೆಲದಿಂದ ಒಂದಡಿ ಮೇಲೆ ಭಾರ ಬಿಟ್ಟು ಕೂತು ನೋಡಬೇಕು, ಕುಲುಕಿ ನೋಡಬೇಕು. ಒಡನೆ ಕಚ್ಚದಿದ್ದರೆ ಒಂದು ಸುತ್ತು ಹೆಚ್ಚು, ಬಿಡಿಸಲಾಗದಷ್ಟು ಕಚ್ಚಿದರೆ ಒಂದು ಸುತ್ತು ಕಡಿಮೆ. ಹುರಿಯ ತುದಿ ನುಸುಳದಂತೆ ಕೊನೆಗೊಂದು ಗಂಟು. ಗರಗಸ ಹಿಡಿದಾಗ ಮರಕ್ಕೆ ಇನ್ನೊಂದು ಕಟ್ಟು ಬೇಕೇ ಬೇಕು, ಗರಗಸಕ್ಕೆ ಕೊಂಬೆ ಯಾವುದು ಹಗ್ಗ ಯಾವುದು ಎಂದು ತಿಳಿಯುವುದಿಲ್ಲ. ತೆಂಗಿಗೆ ಮೇಲೆ ಹಗ್ಗ ಹಾಯಿಸಲು ಕವಲಿಲ್ಲ, ಗರಿಯ ಬುಡವನ್ನು ನಂಬುವಂತಿಲ್ಲ. ಅಲ್ಲಿ ಕಾಂಡವನ್ನು ಬಿಗಿದು ಹಿಡಿಯುವ ಸೊಂಟದ ಕಟ್ಟೇ ಗತಿ. ಬುಡ ದಪ್ಪ, ಮೇಲೆ ಸಣ್ಣ. ಏರಿದಂತೆ ಕಟ್ಟನ್ನು ಗಿಡ್ಡ ಮಾಡಿಕೊಳ್ಳಲು ಇಂಥದೇ ಗಂಟು ನೆರವಾಗುತ್ತದೆ. ನೋಡಿ, ಒಂದಡಿ ಮೇಲೆ ಕುಲುಕಿ ನೋಡುವುದು, ಒಪ್ಪದ್ದನ್ನು ಬಿಸಾಡುವುದು, ಇವೆಲ್ಲ ನಮ್ಮೂರ ಕೊನೆಗಾರನಿಗೆ ಗೊತ್ತಿದ್ದದ್ದೇ. ನೂಲು ಹೊಸದು, ಬುದ್ಧಿ ಹಳೆಯದು.

ಇಷ್ಟು ಹೇಳಿದರೆ ನಮ್ಮ ಬಡಾವಣೆಯ ಸಭೆಗಳಲ್ಲಿ ಬರುವ ಉತ್ತರಗಳು ನನಗೆ ಚೆನ್ನಾಗಿ ಗೊತ್ತು.

ಮೊದಲನೆಯದು: 'ಅವರಿಗೆ ಅಭ್ಯಾಸ ಇರತ್ತೆ ಬಿಡಿ, ಹುಟ್ಟಿನಿಂದ ಬಂದದ್ದು.' ಕೇಳಲು ಹೊಗಳಿಕೆಯ ಹಾಗಿದೆ. ಆದರೆ ಹುಟ್ಟಿನಿಂದ ಯಾರಿಗೂ ರೆಕ್ಕೆ ಬಂದಿಲ್ಲ. ಅಭ್ಯಾಸವಿದ್ದವನು ಬೀಳುವುದು ಕಡಿಮೆ, ನಿಜ. ಆದರೆ ಬಿದ್ದಾಗ ನೆಲ ಅವನ ಅಭ್ಯಾಸವನ್ನು ವಿಚಾರಿಸುವುದಿಲ್ಲ. ಮೂವತ್ತು ವರ್ಷ ಕಾರು ಓಡಿಸಿದವರೂ ಬೆಲ್ಟು ಕಟ್ಟಿಕೊಳ್ಳುತ್ತೇವಲ್ಲ?

ಎರಡನೆಯದು: 'ಹಗ್ಗ ಕಟ್ಟಿದರೆ ಕೆಲಸ ನಿಧಾನ, ಅವರೇ ಒಪ್ಪುವುದಿಲ್ಲ.' ಒಪ್ಪುವುದಿಲ್ಲ, ಯಾಕೆಂದರೆ ನಾವು ಕೊಡುವುದು ಮರಕ್ಕಿಷ್ಟು ಎಂದು. ದಿನಕ್ಕೆ ಹತ್ತು ಮರ ಹತ್ತಿದರೆ ಮನೆ ನಡೆಯುತ್ತದೆ ಎನ್ನುವಾಗ ಗಂಟು ಪರೀಕ್ಷೆಯ ಹದಿನೈದು ನಿಮಿಷ ಅವನಿಗೆ ನಷ್ಟ. ಆ ಹದಿನೈದು ನಿಮಿಷದ ಕೂಲಿಯನ್ನು ಯಾರು ಕೊಡಬೇಕು? ಕಾಯಿ ಯಾರ ಅಡಿಗೆಮನೆಗೆ ಹೋಗುತ್ತದೋ ಅವರು.

ಮೂರನೆಯದು: 'ಇನ್ನೇನು, ಯಂತ್ರ ಬಂದಿದೆಯಲ್ಲ.' ಬಂದಿದೆ, ಸಂತೋಷ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ತೆಂಗಿನ ಮರದ ಗೆಳೆಯರು ಎಂಬ ಅರ್ಥದ ಹೆಸರಿಟ್ಟು ತರಬೇತಿ ಶುರುಮಾಡಿತು. ಯಂತ್ರವನ್ನೂ ಕೊಟ್ಟಿತು, ವಿಮೆಯನ್ನೂ ಮಾಡಿಸಿತು. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕನ್ನೇ ಮಾಡಿ ತೋರಿಸಿದರು. ಆದರೆ ಇವೆಲ್ಲ ಕಂಬದಂತೆ ನೆಟ್ಟಗಿರುವ ಮರಗಳಿಗೆ. ಬನಶಂಕರಿಯ ಹಿತ್ತಲಿನ ಮಾವಿಗೆ, ಬಿ.ಟಿ.ಎಂ. ಲೇಔಟಿನ ಎರಡು ಕಟ್ಟಡಗಳ ನಡುವೆ ಸಿಕ್ಕಿಬಿದ್ದ ಹೊಂಗೆಗೆ ಯಂತ್ರವೂ ಏರದು, ಕ್ರೇನೂ ನುಗ್ಗದು. ಅಲ್ಲಿಗೆ ಮನುಷ್ಯನೇ ಹೋಗಬೇಕು, ಹಗ್ಗದ ಮೇಲೆಯೇ ಹೋಗಬೇಕು.

ನಾಲ್ಕನೆಯ ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಖರ್ಚು. ಎರಡು ಮೀಟರ್ ಒಳ್ಳೆಯ ಹುರಿಗೆ ಮನೆಮಂದಿಯೆಲ್ಲ ಒಂದು ಭಾನುವಾರ ಹೋಟೆಲಿನಲ್ಲಿ ತಿಂಡಿ ತಿಂದಷ್ಟು ಆಗಬಹುದು. ಹಗ್ಗ ಮತ್ತು ಸೊಂಟದ ಪಟ್ಟಿಗೆ ಇನ್ನಷ್ಟು. ಒಂದು ಮನೆಗೆ ಭಾರವೆನಿಸಿದರೆ ಒಂದು ರಸ್ತೆಗೆ ಭಾರವಲ್ಲ. ಗಣೇಶನ ಚಂದಾ ಎತ್ತುವ ಬಡಾವಣೆಗಳಿಗೆ ಇದೇನು ದೊಡ್ಡದು? ಪಾಲಿಕೆ ಮಾಡಲಿ ಎನ್ನುವವರಿಗೂ ಒಂದು ಮಾತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹದಿನೈದು ಆದರೂ ನನ್ನ ಹಿತ್ತಲಿನ ಮಾವಿನ ಮರಕ್ಕೆ ಮನುಷ್ಯನನ್ನು ಹತ್ತಿಸುವವನು ನಾನೇ.

ಆದ್ದರಿಂದ ನಾನು ಕೇಳುವುದು ಇಷ್ಟೇ. ದರ ಮಾತಾಡುವ ಮೊದಲು ಹಗ್ಗವನ್ನೂ ಹುರಿಯನ್ನೂ ತೋರಿಸು ಎನ್ನಿ. ಇಲ್ಲವೆಂದರೆ ಅವತ್ತು ಹತ್ತಿಸಬೇಡಿ. ಅವನನ್ನು ಬರಿಗೈಯಲ್ಲಿ ಕಳಿಸಲೂ ಬೇಡಿ, ಹುರಿಗೆ ಮುಂಗಡ ಕೊಟ್ಟು ಕಳಿಸಿ. ಯಾವ ಹುರಿ, ಎಷ್ಟು ಸುತ್ತು ಎನ್ನುವುದನ್ನು ಅವನೇ ಆರಿಸಲಿ, ಜೋತುಬೀಳುವವನು ಅವನು. ದುಡ್ಡು ಮಾತ್ರ ನಮ್ಮದು. ಪರೀಕ್ಷೆ ಮಾಡುವಾಗ ಗಡಿಯಾರ ನೋಡಬೇಡಿ. ಮನೆಯ ಬಟ್ಟೆ ಹಗ್ಗವನ್ನು ಅವನೇ ಕೇಳಿದರೂ ಕೊಡಬೇಡಿ.

ಕಳೆದ ವರ್ಷ ಬೇರೊಬ್ಬ ಬಂದ. ಮೇಲೆ ಹೋಗುವ ಮೊದಲು ಒಂದಡಿ ಎತ್ತರದಲ್ಲಿ ಕೂತು ತೋರಿಸಪ್ಪಾ ಎಂದೆ. 'ನನಗಿಂತ ನಿಮಗೇ ಭಯ ಸಾರ್' ಎಂದು ನಕ್ಕ. ಕೂತ. ಗಂಟು ಗೇಣುದ್ದ ಜಾರಿತು. ನಗು ನಿಲ್ಲಿಸಿ, ಬಿಚ್ಚಿ, ಇನ್ನೊಂದು ಸುತ್ತು ಸೇರಿಸಿ ಮತ್ತೆ ಕೂತ. ಈ ಸಲ ಕಚ್ಚಿತು. ಇನ್ನೂರು ಹೆಚ್ಚು ಕೇಳಿದ, ಕೊಟ್ಟೆ. ಮೊದಲನೆಯವನು ಮತ್ತೆ ನಮ್ಮ ಕಡೆ ಬಂದಿಲ್ಲ. ಬಂದರೆ ಕೊಡಬೇಕಾದ ನೂರು ರೂಪಾಯಿ ಹಾಗೇ ಇದೆ.